ಬಂಡೆಯ ಬಿರುಕಿನಲ್ಲಿ ಹೆಬ್ಬೆರಳಷ್ಟು ಅರಳಿ ಎಲೆ!

ಮೊದಲು ಅಳತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನಂಬುವುದಿಲ್ಲ. ಊರೊಳಗಿನ ಅರಳಿಕಟ್ಟೆಯಲ್ಲಿ ಉದುರಿ ಬಿದ್ದಿದ್ದ ಎಲೆ, ತೊಟ್ಟು ಬಿಟ್ಟು, ಬಾಲದ ತುದಿಯವರೆಗೆ 16 ಸೆಂಟಿಮೀಟರ್. ಅದೇ ಊರಿನ ಗುಡ್ಡದ ಮೇಲೆ, ಬಂಡೆಯ ಬಿರುಕಿನಲ್ಲಿ ಸೊಂಟದೆತ್ತರಕ್ಕೆ ನಿಂತಿದ್ದ ಅರಳಿಯ ಎಲೆ 4 ಸೆಂಟಿಮೀಟರ್! ನನ್ನ ಹೆಬ್ಬೆರಳಿನ ಮೇಲಿಟ್ಟರೆ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆಕಾರದಲ್ಲಿ ಒಂದಿಷ್ಟೂ ಲೋಪವಿಲ್ಲ. ಅದೇ ಹೃದಯ, ಅದೇ ನರಗಳ ಜಾಲ, ಅದೇ ತೆಳ್ಳನೆಯ ಬಾಲ. ಬೆಟ್ಟಗಳಲ್ಲಿ ಬೆಳೆಯುವ ಕಲ್ಲರಳಿ ಇರಬಹುದೇ ಎಂದು ಅನುಮಾನಿಸಿ ಮತ್ತೆ ಮತ್ತೆ ನೋಡಿದೆ. ಕಲ್ಲರಳಿಗೆ ಇಷ್ಟುದ್ದದ ಬಾಲವಿರುವುದಿಲ್ಲ. ಇದು ಅರಳಿಯೇ. ಯಾರೋ ಕಟ್ಟೆಯ ಮರವನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದು ಇಲ್ಲಿ ಬಿಚ್ಚಿಟ್ಟ ಹಾಗಿತ್ತು.

ಆ ಊರು ಕೋಲಾರ ಸೀಮೆಯ ಟೇಕಲ್. ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ನೋಡಿರಬಹುದು. ಬೆಂಗಳೂರಿನಿಂದ ಜೋಲಾರಪೇಟೆ ಕಡೆಗೆ ಹೋಗುವ ರೈಲು ಮಾಲೂರು ದಾಟಿ ಬಂಗಾರಪೇಟೆ ಸೇರುವ ಮೊದಲು ಕಿಟಕಿಯಾಚೆ ಇದ್ದಕ್ಕಿದ್ದಂತೆ ಬಂಡೆಗಳ ಜಾತ್ರೆ ನೆರೆಯುತ್ತದಲ್ಲ, ಅದೇ. ರೈಲಿನವರ ಬೋರ್ಡಿನಲ್ಲಿ ಅದು ಟ್ಯಾಕಲ್. 1864ರಿಂದ ಈ ಹಳಿಯ ಮೇಲೆ ಗಾಡಿ ಓಡುತ್ತಿದೆ, ಅಂದಿನಿಂದಲೂ ಪ್ರಯಾಣಿಕರು ಈ ಕಲ್ಲುಗಳನ್ನು ನೋಡಿ ಬಾಯಿ ತೆರೆದು ಮುಂದೆ ಹೋಗುತ್ತಲೇ ಇದ್ದಾರೆ. ಆನೆಯ ಮೇಲೆ ಆನೆ ಕೂತಂಥ ಬಂಡೆಗಳು, ಗಾಳಿ ಬೀಸಿದರೆ ಉರುಳುತ್ತವೇನೋ ಎಂಬಂಥ ಗುಂಡುಗಳು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು! ಊರಿನ ಹೆಸರಿನ ಬಾಲದಲ್ಲೂ ಕಲ್ಲೇ. ನಾನು ಹೋಗಿದ್ದು ವರದರಾಜಸ್ವಾಮಿ ದೇವಸ್ಥಾನ ನೋಡಲು. ದೇವರನ್ನು ನೋಡಿ ಹೊರಬಂದವನು ಸುಮ್ಮನೆ ಬಸ್ಸು ಹತ್ತಬಹುದಿತ್ತು. ಗುಡ್ಡದ ನೆತ್ತಿಯಲ್ಲಿ ಹಸಿರು ಚುಕ್ಕೆಯೊಂದು ಕಂಡಿತು, ಹತ್ತಿದೆ.

ಕಲ್ಲಿಗೆ ಮಣ್ಣೇ ಇಲ್ಲ. ಬಿರುಕಿನೊಳಗೆ ಒಂದು ಹಿಡಿ ಕಸ, ಒಂದಿಷ್ಟು ಪುಡಿಗಲ್ಲು, ಹಕ್ಕಿ ಹಿಕ್ಕೆ, ಅಷ್ಟೇ ಅದರ ಆಸ್ತಿ. ಕಾಂಡ ನನ್ನ ಮೊಣಕೈ ಗಾತ್ರವಿತ್ತು, ತೊಗಟೆ ಮುದುಕರ ಕುತ್ತಿಗೆಯ ಹಾಗೆ ಸುಕ್ಕುಗಟ್ಟಿತ್ತು. ನಾನು ಮಂಡಿಯೂರಿ ಸ್ಕೇಲಿಟ್ಟು ಅಳೆಯುತ್ತಿದ್ದುದನ್ನು ಕಂಡು, ಕೆಳಗೆ ಕಲ್ಲು ಸೀಳುತ್ತಿದ್ದ ಹಿರಿಯರೊಬ್ಬರು ಉಳಿ ಕೆಳಗಿಟ್ಟು ಕೂಗಿದರು: “ಏನ್ ಸಾರ್, ಎಲೆ ಅಳೀತಾ ಇದ್ದೀರಾ? ನಾನು ಹುಡುಗನಾಗಿದ್ದಾಗಿಂದ ಅದು ಅಷ್ಟೇ ಐತೆ. ಬೆಳೆಯೋದೂ ಇಲ್ಲ, ಸಾಯೋದೂ ಇಲ್ಲ.”

ಬೆಳೆಯೋದೂ ಇಲ್ಲ, ಸಾಯೋದೂ ಇಲ್ಲ! ಮರವನ್ನು ಕುಂಡದಲ್ಲಿ ಕುಳ್ಳಗೆ ಬೆಳೆಸುವ ಬೋನ್ಸಾಯ್ ಎಂಬ ಕಲೆಗೆ ಇದಕ್ಕಿಂತ ಚೊಕ್ಕವಾದ ವ್ಯಾಖ್ಯಾನವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆ ಮಾತು ಕೇಳಿದ ಕ್ಷಣ ನನಗೆ ನೆನಪಾದದ್ದು ಮನೆಯ ತಾರಸಿಯಲ್ಲಿ ನಾನೇ ಕೈಯಾರೆ ಕೊಂದ ಒಂದು ಪೈನ್ ಗಿಡ.

ಲಾಲ್‌ಬಾಗಿನ ಬೋನ್ಸಾಯ್‌ಗಳನ್ನು ನೋಡಿ ತಲೆಕೆಟ್ಟವರಲ್ಲಿ ನಾನೂ ಒಬ್ಬ. ಬೆಂಗಳೂರಿನ ಯಾವುದೋ ನರ್ಸರಿಯಿಂದ ಹೆಸರಿನ ಚೀಟಿಯಿಲ್ಲದ ಪೈನ್ ಸಸಿ ತಂದೆ. ಗಿಡ ಗೇಣುದ್ದ, ಸೂಜಿಗಳು ಬೆರಳುದ್ದ. ಗೊಂಬೆಗೆ ಅಪ್ಪನ ಪಂಚೆ ಉಡಿಸಿದ ಹಾಗೆ ಕಾಣುತ್ತಿತ್ತು. ಸೂಜಿ ಗಿಡ್ಡವಾಗಬೇಕಾದರೆ ಗಿಡ ಉಪವಾಸವಿರಬೇಕು ಎಂದು ನನಗೆ ನಾನೇ ಶಾಸ್ತ್ರ ಹೇಳಿಕೊಂಡೆ. ನೀರು ಕಡಿಮೆ ಮಾಡಿದೆ, ಗೊಬ್ಬರ ನಿಲ್ಲಿಸಿದೆ. ಎರಡು ತಿಂಗಳು ಹಸಿರಾಗಿಯೇ ಇತ್ತು, ಎಷ್ಟು ಜಾಣ ನಾನು ಎಂದುಕೊಂಡೆ. ಪೈನ್ ಜಾತಿಯ ಮರಗಳು ಸತ್ತ ಸುದ್ದಿ ತಡವಾಗಿ ತಿಳಿಸುತ್ತವೆ ಎಂಬುದು ಆಗ ಗೊತ್ತಿರಲಿಲ್ಲ. ಉಗುರಿನಿಂದ ತೊಗಟೆ ಕೆರೆದು ನೋಡಿದಾಗ ಒಳಗೆ ಹಸಿರೇ ಇಲ್ಲ, ಒಣ ಕಡ್ಡಿ.

ಸಾಯಿಸಿದ ಮೇಲೆ ಓದಲು ಕೂತೆ. ಓದಿದಷ್ಟೂ ಕಣ್ಣರಳಿತು. ಜಪಾನಿನವರು ಪೈನ್ ಸೂಜಿಯನ್ನು ಗಿಡ್ಡ ಮಾಡುವುದು ಉಪವಾಸದಿಂದಲ್ಲವೇ ಅಲ್ಲ. ಚೆನ್ನಾಗಿ ಉಣ್ಣಿಸಿ, ಕೊಬ್ಬಿಸಿ, ಆಮೇಲೆ ಮರದಿಂದ ಒಂದೇ ಒಂದು ವಸ್ತುವನ್ನು ಕದಿಯುತ್ತಾರೆ. ಏನದು? ಸಮಯ!

ಹೇಗೆ ಎಂದು ಹೇಳುವ ಮೊದಲು ಒಂದು ಪೈನ್ ಸೂಜಿಯನ್ನು ಹತ್ತಿರದಿಂದ ನೋಡೋಣ ಬನ್ನಿ. ಜಪಾನಿನ ಕರಿ ಪೈನ್, ಅವರ ಬಾಯಲ್ಲಿ ಕುರೊಮಾತ್ಸು. ಸಸ್ಯಶಾಸ್ತ್ರದಲ್ಲಿ ಪೈನಸ್ ಥುನ್‌ಬರ್ಜಿ. ಸಸ್ಯವಿಜ್ಞಾನಿ ಲಿನೇಯಸ್‌ನ ಶಿಷ್ಯನಾಗಿ 1775ರಲ್ಲಿ ಜಪಾನಿಗೆ ಬಂದಿಳಿದ ಸ್ವೀಡನ್ನಿನ ಥುನ್‌ಬರ್ಗ್ ನೆನಪಿಗೆ ಇಟ್ಟ ಹೆಸರು. ಇದರ ಸೂಜಿಗಳು ಒಂಟಿಯಾಗಿ ಹುಟ್ಟುವುದಿಲ್ಲ, ಜೋಡಿಯಾಗಿ ಒಂದೇ ಒರೆಯಿಂದ ಹೊರಡುತ್ತವೆ. ಜೋಡಿಯನ್ನು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಸೂಜಿಯೂ ಅರ್ಧಚಂದ್ರ. ಎರಡನ್ನೂ ಮತ್ತೆ ಕೂಡಿಸಿ, ಪೂರ್ತಿ ವೃತ್ತ! ಹಿಮಾಲಯದ ಚೀರ್ ಪೈನ್‌ಗೆ ಮೂರು ಸೂಜಿ, ಒಂದೊಂದೂ ವೃತ್ತದ ಮೂರನೇ ಒಂದು ಹೋಳು. ಜಪಾನಿನ ಬಿಳಿ ಪೈನ್‌ಗೆ ಐದು, ಒಂದೊಂದೂ ಐದನೇ ಒಂದು ಹೋಳು. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಉಪ್ಪುಖಾರ ಹಚ್ಚುವವರಿಗೆ ಈ ಲೆಕ್ಕ ಬಾಯಿಪಾಠ. ಎಷ್ಟೇ ಸೂಜಿಯಿರಲಿ, ಜೋಡಿಸಿದರೆ ಒಂದು ಉರುಟು ಕಡ್ಡಿಯಾಗಲೇಬೇಕು. ಯಾವ ಬಡಗಿಯ ಕೆತ್ತನೆಯಪ್ಪಾ ಇದು!

ಇನ್ನೊಂದು ಗುಟ್ಟು ಆ ಒರೆಯ ಒಳಗಿದೆ. ಸೂಜಿ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಹುಲ್ಲಿನ ಹಾಗೆ, ನಮ್ಮ ಕೂದಲಿನ ಹಾಗೆ. ಒರೆಯೊಳಗಿನ ಜೀವಕೋಶಗಳು ಒಡೆದು ಒಡೆದು ಸೂಜಿಯನ್ನು ಮೇಲಕ್ಕೆ ದೂಡುತ್ತವೆ. ತುದಿ ಎಲ್ಲಕ್ಕಿಂತ ಹಳೆಯದು, ಬುಡ ಎಲ್ಲಕ್ಕಿಂತ ಹೊಸದು. ಆದರೆ ಕೂದಲಿಗಿಲ್ಲದ ಒಂದು ನಿಯಮ ಸೂಜಿಗಿದೆ. ಬೆಳೆಯುವ ಕಾಲ ಮುಗಿಯಿತೆಂದರೆ ಬುಡದ ಕಾರ್ಖಾನೆ ಮುಚ್ಚಿತು. ಆ ಸೂಜಿ ಮುಂದೆ ಎಷ್ಟು ವರ್ಷ ಮರದ ಮೇಲಿದ್ದರೂ ಉದ್ದಕ್ಕೆ ಬೆಳೆಯುವುದಿಲ್ಲ. ಅಂದರೆ ಉದ್ದ ನಿರ್ಧಾರವಾಗುವುದು ಕೆಲವೇ ವಾರಗಳಲ್ಲಿ. ಆ ವಾರಗಳಿಗೆ ಕೈ ಹಾಕಿದವನೇ ಗೆದ್ದವನು.

ಈಗ ಕಳ್ಳತನ ನೋಡಿ. ವಸಂತದಲ್ಲಿ ಕರಿ ಪೈನ್ ಪ್ರತಿ ರೆಂಬೆಯ ತುದಿಯಲ್ಲೂ ನೆಟ್ಟಗೆ ಒಂದು ಕುಡಿ ಎತ್ತುತ್ತದೆ. ಬೆಳ್ಳಗೆ, ನುಣ್ಣಗೆ, ದೇವರ ಮುಂದೆ ಹಚ್ಚಿಟ್ಟ ಮೇಣದಬತ್ತಿಯ ಹಾಗೆ. ಬೋನ್ಸಾಯ್‌ನವರ ಬಾಯಲ್ಲೂ ಅದು ಕ್ಯಾಂಡಲ್ಲೇ. ಅದಕ್ಕೂ ಮುಂಚೆಯಿಂದಲೇ ಅವರು ಗಿಡಕ್ಕೆ ಹಿಂಡಿ ಉಣ್ಣಿಸಲು ಶುರುಮಾಡಿರುತ್ತಾರೆ. ಅಲ್ಲಿ ಸಾಸಿವೆ ಜಾತಿಯ ಎಣ್ಣೆಬೀಜದ ಹಿಂಡಿಯ ಉಂಡೆ, ಇಲ್ಲಿ ನಮ್ಮ ಬೋನ್ಸಾಯ್ ಮಂದಿ ಬಳಸುವುದು ಕಡಲೆಕಾಯಿ ಹಿಂಡಿ, ಬೇವಿನ ಹಿಂಡಿ. ಗಿಡ ಮೈದುಂಬಿಕೊಳ್ಳುತ್ತದೆ. ಕುಡಿಗಳು ಉದ್ದವಾಗುತ್ತವೆ, ಸೂಜಿಗಳು ಬಿಚ್ಚಿಕೊಳ್ಳುತ್ತವೆ. ಹೀಗೇ ಬಿಟ್ಟರೆ ಏಳರಿಂದ ಹನ್ನೆರಡು ಸೆಂಟಿಮೀಟರ್ ಆಗುವ ಸೂಜಿಗಳು ಅವು. ಜೂನ್ ಕೊನೆ ಅಥವಾ ಜುಲೈ ಮೊದಲ ಭಾಗ ಬರುತ್ತದೆ. ಯಜಮಾನ ಕತ್ತರಿ ತೆಗೆದು ಆ ವರ್ಷದ ಅಷ್ಟೂ ಕುಡಿಗಳನ್ನು ಬುಡಸಮೇತ ಕಚಕ್ ಕಚಕ್ ಎಂದು ಕತ್ತರಿಸಿ ಹಾಕುತ್ತಾನೆ!

ಮೊದಲ ಸಲ ಇದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಹಿಂಡಿ ಹಾಕಿ ಸಾಕಿದ್ದು ಇದಕ್ಕೇನಾ? ಇದಕ್ಕೇ. ಕುಡಿಯ ಬುಡದಲ್ಲಿ ಕತ್ತರಿಯ ಗಾಯದ ಸುತ್ತ ಜೇನು ಹನಿಯಂಥ ರಾಳ ಒಸರಿ ಗಟ್ಟಿಯಾಗುತ್ತದೆ. ಮರ ಎರಡು ಮೂರು ವಾರ ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತದೆ. ಆಮೇಲೆ ಗಾಯದ ಅಂಚಿನಲ್ಲಿ ಸಾಸಿವೆ ಕಾಳಿನಂಥ ಮೊಗ್ಗುಗಳು, ಒಂದಲ್ಲ, ಮೂರು, ನಾಲ್ಕು, ಐದು! ವಸಂತದಿಂದ ಕೂಡಿಟ್ಟ ಪುಷ್ಟಿಯೆಲ್ಲ ಆ ಮೊಗ್ಗುಗಳಿಗೆ ನುಗ್ಗುತ್ತದೆ. ಅವೂ ಕುಡಿಯಾಗಿ, ಸೂಜಿ ಬಿಚ್ಚಲು ಹೊರಡುತ್ತವೆ. ಅಷ್ಟರಲ್ಲಿ ದಿನ ಗಿಡ್ಡವಾಗಿ ಚಳಿ ಬಂದೇ ಬಿಡುತ್ತದೆ. ಒರೆಯೊಳಗಿನ ಕಾರ್ಖಾನೆಗೆ ಬೀಗ. ಹತ್ತು ಸೆಂಟಿಮೀಟರ್ ಆಗಬೇಕಿದ್ದ ಸೂಜಿ ಎರಡು ಮೂರಕ್ಕೇ ನಿಂತುಬಿಟ್ಟಿತು. ಬಡಕಲಾಗಿ ಅಲ್ಲ! ಕಡುಹಸಿರು, ಬಿರುಸು, ಹೊಳಪು. ಹಸಿದ ಮರದ ಸೂಜಿ ಹಳದಿಯಾಗಿ ಜೋಲುತ್ತದೆ. ಸಮಯ ಕಳಕೊಂಡ ಮರದ ಸೂಜಿ ಮುಳ್ಳಿನ ಹಾಗೆ ನೆಟ್ಟಗೆ ನಿಲ್ಲುತ್ತದೆ.

ಕತ್ತರಿಸಿದರೆ ಒಂದರ ಜಾಗದಲ್ಲಿ ಐದು ಏಕೆ ಏಳುತ್ತವೆ? ಕೋಲಾರದ ಕಡೆ ಸೇವಂತಿಗೆ ಬೆಳೆಯುವವರನ್ನು ಕೇಳಿ, ಕುಡಿ ಚಿವುಟಿದರೆ ಕವಲು ಜಾಸ್ತಿ ಎನ್ನುತ್ತಾರೆ. ವಿಜ್ಞಾನಕ್ಕೆ ಇದರ ಕಾರಣ ಹಿಡಿಯಲು ಬಹಳ ಕಾಲ ಹಿಡಿಯಿತು. 1933ರಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬಿಬ್ಬರು ಹುರುಳಿಯ ದೂರದ ನೆಂಟನಂಥ ಅಗಲ ಅವರೆಯ ಗಿಡದ ತುದಿ ಕತ್ತರಿಸಿ, ಗಾಯಕ್ಕೆ ಆಕ್ಸಿನ್ ಎಂಬ ಹಾರ್ಮೋನ್ ಹಚ್ಚಿದರು. ಕೆಳಗಿನ ಮೊಗ್ಗುಗಳು ಏಳಲೇ ಇಲ್ಲ. ತುದಿಯ ಕುಡಿ ಆಕ್ಸಿನ್ ಕೆಳಗಿಳಿಸಿ ತಮ್ಮಂದಿರನ್ನೆಲ್ಲ ಮಲಗಿಸಿಟ್ಟಿರುತ್ತದೆ ಎಂದು ಗೊತ್ತಾಯಿತು. ಎಂಬತ್ತು ವರ್ಷ ಅದೇ ಪಾಠ. ಆದರೆ ಆಕ್ಸಿನ್ ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ತೆವಳುವ ಜಡಭರತ, ಕೆಳಗಿನ ಮೊಗ್ಗುಗಳೋ ಅದಕ್ಕಿಂತ ಮೊದಲೇ ಕಣ್ಣು ಬಿಡುತ್ತಿದ್ದವು! 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಬೆವೆರಿಜ್ ತಂಡ ಬಟಾಣಿ ಗಿಡದಲ್ಲಿ ಕಂಡುಹಿಡಿದದ್ದು ಕೇಳಿದರೆ ನೀವೂ ಹೌಹಾರುತ್ತೀರಿ. ಮೊದಲು ಓಡಿಬರುವ ದೂತ ಸಕ್ಕರೆ. ತುದಿಯ ಕುಡಿ ಎಲ್ಲ ಸಕ್ಕರೆಯನ್ನೂ ತಾನೇ ಕಬಳಿಸುತ್ತಿರುತ್ತದೆ. ಅದು ಹೋದ ಕೆಲವೇ ಗಂಟೆಗಳಲ್ಲಿ ಆ ಸಕ್ಕರೆ ಪಕ್ಕದ ಮೊಗ್ಗುಗಳಿಗೆ ಹರಿಯುತ್ತದೆ, ಅವು ಎದ್ದು ಕೂರುತ್ತವೆ. ತುದಿ ಕತ್ತರಿಸದೆ ಗಿಡಕ್ಕೆ ಹೊರಗಿನಿಂದ ಸಕ್ಕರೆ ಕೊಟ್ಟಾಗಲೂ ಮೊಗ್ಗು ಕದಲಿತು! ಮನೆಯ ಹಿರಿಯಣ್ಣ ಊಟಕ್ಕೆ ಕೂತಿರುವಷ್ಟು ಹೊತ್ತು ತಮ್ಮಂದಿರಿಗೆ ತಟ್ಟೆ ಬರುವುದಿಲ್ಲ, ಅಷ್ಟೇ ವಿಷಯ.

ಬೋನ್ಸಾಯ್ ಯಜಮಾನರು ಈ ಹಿರಿಯಣ್ಣನ ರಾಜಕೀಯವನ್ನು ಹಾರ್ಮೋನಿನ ಹೆಸರಿಲ್ಲದೆಯೇ ಅರೆದು ಕುಡಿದವರು. ಮರದ ನೆತ್ತಿಯ ಕುಡಿಗಳು ಬಲಶಾಲಿ, ಕೆಳಗಿನವು ದುರ್ಬಲ. ಎಲ್ಲವನ್ನೂ ಒಂದೇ ದಿನ ಕತ್ತರಿಸಿದರೆ ಬಲಶಾಲಿಗಳು ಮತ್ತೆ ಗೆದ್ದು ಉದ್ದ ಸೂಜಿ ಬಿಡುತ್ತವೆ. ಹಾಗಾಗಿ ದುರ್ಬಲ ಕುಡಿಗಳನ್ನು ಮೊದಲು ಕತ್ತರಿಸುತ್ತಾರೆ, ಬಲಶಾಲಿಗಳನ್ನು ಒಂದು ವಾರ ಹತ್ತು ದಿನ ಬಿಟ್ಟು. ಓಟದಲ್ಲಿ ಚಿಕ್ಕ ಮಕ್ಕಳನ್ನು ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸುತ್ತೇವಲ್ಲ, ಅದೇ ನ್ಯಾಯ. ಶರತ್ಕಾಲಕ್ಕೆ ಎಲ್ಲ ಸೂಜಿಗಳೂ ಸರಿಸಮ. ಇನ್ನೂ ಒಂದು ನಾಜೂಕು ಕೇಳಿ: ಅಂಗೈಯಲ್ಲಿ ಹಿಡಿಯುವ ಪುಟ್ಟ ಮರಕ್ಕೆ ಇನ್ನೂ ಗಿಡ್ಡ ಸೂಜಿ ಬೇಕೇ? ಕತ್ತರಿಯನ್ನು ಇನ್ನೊಂದಿಷ್ಟು ದಿನ ತಡಮಾಡಿ. ಚಳಿಗೆ ಉಳಿದ ದಿನ ಎಷ್ಟು ಕಡಿಮೆಯೋ ಸೂಜಿ ಅಷ್ಟು ಗಿಡ್ಡ. ದೊಡ್ಡ ಕುಂಡದ ಮರಕ್ಕೆ ಸುಮಾರು ನೂರು ದಿನ ಬಿಡುವುದು ರೂಢಿ. ಪಂಚಾಂಗ ನೋಡಿ ಎಲೆಯ ಉದ್ದ ಗೊತ್ತುಮಾಡುವ ಜನ ಇವರು!

ಶರತ್ಕಾಲದಲ್ಲಿ ಐದು ಮೊಗ್ಗಿನ ಜಾಗದಲ್ಲಿ ಎರಡನ್ನು ಉಳಿಸಿ ಉಳಿದದ್ದನ್ನು ತೆಗೆಯುವುದು, ಹಳೆಯ ಸೂಜಿಗಳನ್ನು ಚಿಮುಟದಿಂದ ಒಂದೊಂದಾಗಿ ಕೀಳುವುದು ಇತ್ಯಾದಿ ಕೆಲಸ ಬೇಕಾದಷ್ಟಿದೆ. ನೆತ್ತಿಯಲ್ಲಿ ಕಡಿಮೆ ಜೋಡಿ, ಕೆಳರೆಂಬೆಗಳಲ್ಲಿ ಹೆಚ್ಚು ಜೋಡಿ ಉಳಿಸಬೇಕು. ಒಂದು ಮರಕ್ಕೆ ಇಡೀ ದಿನ ಹಿಡಿಯಬಹುದು. ತಾಳ್ಮೆಯಿಲ್ಲದವರು ಬಾಳೆ ಹಾಕಿಕೊಳ್ಳುವುದು ಒಳ್ಳೆಯದು.

ಆದರೆ ಎಚ್ಚರ, ಈ ಆಟ ಎಲ್ಲ ಪೈನ್‌ಗಳ ಹತ್ತಿರ ನಡೆಯುವುದಿಲ್ಲ. ಕರಿ ಪೈನ್, ಕೆಂಪು ಪೈನ್ ವರ್ಷಕ್ಕೆ ಎರಡನೇ ಸಲ ಚಿಗುರಬಲ್ಲವು. ಐದು ಸೂಜಿಯ ಬಿಳಿ ಪೈನ್ ವರ್ಷಕ್ಕೆ ಒಂದೇ ಚಿಗುರು. ಅದರ ಕುಡಿಗಳನ್ನೆಲ್ಲ ಬುಡಕ್ಕೆ ಕತ್ತರಿಸಿದಿರೋ, ಆ ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು. ಅಮೆರಿಕದ ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಅಂಥದೊಂದು ಬಿಳಿ ಪೈನ್ ಇದೆ, 1625ರಿಂದ ಕುಂಡದಲ್ಲಿ ಬೆಳೆಯುತ್ತಿರುವುದು. 1945ರ ಆಗಸ್ಟ್ 6ರ ಬೆಳಗ್ಗೆ ಅದು ಹಿರೋಷಿಮಾದಲ್ಲಿ, ಬಾಂಬು ಸಿಡಿದ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರದ ಯಾಮಾಕಿ ಕುಟುಂಬದ ಮನೆಯಂಗಳದಲ್ಲಿತ್ತು. ಎತ್ತರದ ಗೋಡೆಯೊಂದು ಕಾಪಾಡಿತು. 1976ರಲ್ಲಿ ಮಸಾರು ಯಾಮಾಕಿ ಅದನ್ನು ಉಡುಗೊರೆಯಾಗಿ ಅಮೆರಿಕಕ್ಕೇ ಕೊಟ್ಟರು. ಬಾಂಬಿನ ವಿಷಯ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ಮರ ನೋಡಲು ಬಂದಾಗ! ನಾಲ್ಕು ನೂರು ವರ್ಷ, ವರ್ಷಕ್ಕೊಂದೇ ಚಿಗುರು.

ಟೇಕಲ್ಲಿಗೆ ಮರಳುತ್ತೇನೆ. ಗುಡ್ಡವಿಳಿದು ಬರುವಾಗ ದಾರಿಬದಿಯಲ್ಲಿ ಹಿಪ್ಪುನೇರಳೆ ತೋಟ. ಹೆಣ್ಣುಮಗಳೊಬ್ಬರು ಮಚ್ಚಿನಿಂದ ಗಿಡಗಳನ್ನು ಬುಡಕ್ಕೆ ಕತ್ತರಿಸಿ ಕಡ್ಡಿಗಳ ಕಂತೆ ಕಟ್ಟುತ್ತಿದ್ದರು. ಕೋಲಾರದ ರೇಷ್ಮೆ ಸೀಮೆಯಲ್ಲಿ ಇದು ದಿನನಿತ್ಯದ ನೋಟ. ಕಟಾವಾಗಿ ಎರಡು ತಿಂಗಳಿಗೆಲ್ಲ ಗಿಡ ಮತ್ತೆ ಎದ್ದು ನಿಲ್ಲುತ್ತದೆ, ನೀರಿದ್ದವರಿಗೆ ವರ್ಷಕ್ಕೆ ಐದು ಬೆಳೆ. ನಾನು ನಿಂತೇಬಿಟ್ಟೆ. “ಅಮ್ಮಾ, ಹೀಗೆ ಕತ್ತರಿಸಿದ ಮೇಲೆ ಬರೋ ಎಲೆ ಚಿಕ್ಕದಾಗಿರುತ್ತಾ?” “ಚಿಕ್ಕದಾದ್ರೆ ಹುಳ ಏನ್ ತಿನ್ನುತ್ತೆ ಸಾರ್? ಕತ್ತರಿಸಿದ್ರೇನೇ ದೊಡ್ಡ ಸೊಪ್ಪು. ಬಿಟ್ರೆ ಚಿಕ್ಕದಾಗ್ತದೆ.” ಅವರು ಕೈಗಿಟ್ಟದ್ದು ವಿ-1 ತಳಿಯ ಎಲೆ, ನನ್ನ ಅಂಗೈ ಮುಚ್ಚಿಹೋಯಿತು.

ಅಯ್ಯೋ, ಲೆಕ್ಕವೇ ತಲೆಕೆಳಗಾಯಿತಲ್ಲ! ಅದೇ ಕತ್ತರಿ, ಅಲ್ಲಿ ಎಲೆ ಕುಗ್ಗಿಸುತ್ತದೆ, ಇಲ್ಲಿ ಹಿಗ್ಗಿಸುತ್ತದೆ. ರೈಲಿನಲ್ಲಿ ಕೂತು ಯೋಚಿಸುತ್ತ ಬಂದೆ, ಮಾಲೂರು ದಾಟುವಷ್ಟರಲ್ಲಿ ಹೊಳೆಯಿತು. ಹಿಪ್ಪುನೇರಳೆಯ ಬೇರು ನೆಲದಾಳಕ್ಕೆ ಹರಡಿದೆ, ಮೇಲೆ ಉಳಿದದ್ದು ಕೆಲವೇ ಕುಡಿ. ದೊಡ್ಡ ಅಡುಗೆಮನೆ, ನಾಲ್ಕೇ ಜನ ಉಣ್ಣುವವರು. ಜೊತೆಗೆ ನೀರುಂಟು, ಗೊಬ್ಬರವುಂಟು, ಬೆಳೆಯಲು ಎರಡು ತಿಂಗಳು ಅಡ್ಡಿಯಿಲ್ಲದ ಬಿಸಿಲುಂಟು. ಕುಂಡದ ಪೈನ್‌ಗೆ ಅಡುಗೆಮನೆ ಅಂಗೈಯಗಲ, ಉಣ್ಣುವ ತುದಿಗಳು ನೂರಾರು, ಮೇಲೆ ಚಳಿಯ ಗಡುವು. ಕತ್ತರಿ ತಾನಾಗಿ ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಕತ್ತರಿಸಿದ ಮೇಲೆ ಎಷ್ಟು ಬಾಯಿ, ಎಷ್ಟು ಅನ್ನ, ಎಷ್ಟು ದಿನ ಎಂಬುದೇ ಎಲೆಯ ಅಳತೆಗೋಲು. ಶ್ರೀನಿವಾಸಪುರದ ಮಾವಿನ ತೋಟದವರಿಗೂ ಇದು ಹೊಸದಲ್ಲ. ಚಿಗುರು ಯಾವಾಗ ಬರುತ್ತದೆ ಎಂಬುದರ ಮೇಲೆ ಹೂವಿನ ಹಣೆಬರಹ ಎಂದು ಅವರು ಮರದ ಗಡಿಯಾರ ಕಾಯುತ್ತ ಕೂರುತ್ತಾರೆ.

ಹಾಗಿದ್ದರೆ ಬಂಡೆಯ ಅರಳಿ? ಅದಕ್ಕೆ ಕತ್ತರಿ ಹಾಕಿದವರು ಯಾರೂ ಇಲ್ಲ. ಎಲೆಯ ಜೀವಕೋಶ ಹಿಗ್ಗುವುದು ಒಳಗಿನ ನೀರಿನ ಒತ್ತಡದಿಂದ, ಬಲೂನಿಗೆ ಗಾಳಿ ಊದಿದ ಹಾಗೆ. ನೀರಿಲ್ಲದ ಬಂಡೆಯಲ್ಲಿ ಬಲೂನು ಅರ್ಧಕ್ಕೇ ನಿಲ್ಲುತ್ತದೆ. ಸುಡುಬಿಸಿಲಿನ ಎಲೆ ಹೇಗೂ ನೆರಳಿನ ಎಲೆಗಿಂತ ಚಿಕ್ಕದು, ದಪ್ಪ. ಜೊತೆಗೆ ಇಲ್ಲಿ ಗಡುವು ಕೂಡ ಇದೆ. ಟೇಕಲ್ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯ ಅಂತರ. ಜಪಾನಿನ ಪೈನ್ ಬೋನ್ಸಾಯ್‌ಗಳ ತವರು ತಕಾಮಾತ್ಸು 34 ಡಿಗ್ರಿಯಲ್ಲಿ, ಅಲ್ಲಿ ಆ ಅಂತರ ನಾಲ್ಕೂವರೆ ಗಂಟೆ. ಅಲ್ಲಿ ಮರಕ್ಕೆ ಸಾಕು ನಿಲ್ಲಿಸು ಎನ್ನುವುದು ಚಳಿ. ನಮ್ಮ ಬಂಡೆಯ ಮೇಲೆ ಸಾಕು ಎನ್ನುವುದು ಬರ. ವರ್ಷಕ್ಕೆ ಏಳುನೂರು ಚಿಲ್ಲರೆ ಮಿಲಿಮೀಟರ್ ಮಳೆಯ ಸೀಮೆ ಇದು, ಆ ಮಳೆಯಲ್ಲೂ ಬಂಡೆಯ ಮೇಲೆ ನಿಲ್ಲುವುದು ಬಿರುಕಿನೊಳಗಿನ ಬೊಗಸೆ ನೀರು. ಅದು ಆರುವ ಮುನ್ನ ಎಲೆ ಬಿಚ್ಚಿ ಮುಗಿಸಬೇಕು. ನನ್ನ ಪೈನ್ ಸತ್ತಂಥ ಉಪವಾಸದಲ್ಲೂ ಅರಳಿ ಬದುಕಿದ್ದೇಕೆ ಎಂದರೆ, ಅದು ಮೊಳಕೆಯಿಂದಲೇ ಬಡತನದ ಲೆಕ್ಕ ಕಲಿತು ಬೇರು ಇಳಿಸಿದ್ದು. ನಾನು ಎರಡು ತಿಂಗಳಲ್ಲಿ ಕಲಿಸಲು ಹೋದೆ.

ಹುಣಸೆಯ ವಿಷಯ ಹೇಳದಿದ್ದರೆ ಕೋಲಾರದವರು ನನ್ನನ್ನು ಬಿಡುವುದಿಲ್ಲ. ಹುಣಸೆ ಹುಟ್ಟಾ ಬೋನ್ಸಾಯ್ ಮರ. ಒಂದು ಕಡ್ಡಿಯ ಎರಡು ಬದಿಗೂ ಹತ್ತಿಪ್ಪತ್ತು ಜೋಡಿ ಕಿರುಎಲೆ, ಕುಗ್ಗಿಸುವ ಗೋಜೇ ಇಲ್ಲ. ಆದರೆ ಕುಂಡದ ಹುಣಸೆ ಕಾಯಿ ಬಿಟ್ಟಾಗ ನೋಡಬೇಕು ತಮಾಷೆ! ಮೊಣಕಾಲೆತ್ತರದ ಮರದಲ್ಲಿ ತೋಪಿನ ಹುಣಸೆಯದೇ ಗಾತ್ರದ ಕಾಯಿ ಜೋತಾಡುತ್ತದೆ. ಎಲೆಯನ್ನು ಕುಗ್ಗಿಸಬಹುದು, ಹೂವು ಹಣ್ಣನ್ನು ಕುಗ್ಗಿಸಲಾಗದು. ಮರ ಎಲೆಯ ವಿಷಯದಲ್ಲಿ ಎಷ್ಟು ಬೇಕಾದರೂ ರಾಜಿಗೆ ಬರುತ್ತದೆ, ಮಕ್ಕಳ ವಿಷಯದಲ್ಲಿ ಇಲ್ಲ. ನಮ್ಮವರು ಬೋನ್ಸಾಯ್‌ಗೆ ವಾಮನ ವೃಕ್ಷ ಎಂದು ಹೆಸರಿಟ್ಟರಲ್ಲ, ಆ ವಾಮನ ಪಾದ ಎತ್ತಿದ್ದು ನನಗೆ ಕಂಡದ್ದು ಈ ಹುಣಸೆಕಾಯಿಯಲ್ಲೇ.

ಸೂಜಿಯೇ ಬೇಕು, ಪೈನ್ ನಮ್ಮ ಹವೆಗೆ ಒಗ್ಗುವುದಿಲ್ಲ ಎನ್ನುವವರಿಗೆ ಸರ್ವೆ ಮರವಿದೆ. ಮಾಲೂರು ಸೀಮೆಯ ಹೊಲಗಳಲ್ಲಿ ಕಂಬಕ್ಕೆಂದು ಸಾಲಾಗಿ ಬೆಳೆಸುತ್ತಾರಲ್ಲ, ಅದೇ ಗಾಳಿಮರ. ಬೆಂಗಳೂರಿನ ಬೋನ್ಸಾಯ್ ಮಂದಿಗೆ ಅದೇ ಬಡವರ ಪೈನ್. ಈಗ ಅದರ ಒಂದು ಸೂಜಿ ಕಿತ್ತು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಟಪ್! ಗೆಣ್ಣಿನಲ್ಲಿ ಕಳಚಿಕೊಂಡಿತು. ಮತ್ತೆ ಎಳೆಯಿರಿ, ಮತ್ತೆ ಟಪ್. ಪೈನ್ ಸೂಜಿ ಹೀಗೆ ಕಳಚುವುದಿಲ್ಲ. ಕಳಚಿದ ಗೆಣ್ಣನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಿರೀಟದ ಹಾಗೆ ಆರರಿಂದ ಎಂಟು ಹಲ್ಲು ಕಾಣುತ್ತವೆ. ಆ ಹಲ್ಲುಗಳೇ ಸರ್ವೆ ಮರದ ಎಲೆ! ನಾವು ಇಷ್ಟು ದಿನ ಸೂಜಿ ಎಂದುಕೊಂಡದ್ದು ಎಲೆಯೇ ಅಲ್ಲ, ಹಸಿರು ರೆಂಬೆ. ಪೈನ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಇದು ಹೂ ಬಿಡುವ ಮರಗಳ ವಂಶ. ಜಗತ್ತಿನಲ್ಲಿ ಯಾವ ಬೋನ್ಸಾಯ್ ಯಜಮಾನನೂ ಕುಗ್ಗಿಸಲಾಗದಷ್ಟು ಕುಗ್ಗಿದ ಎಲೆ ನಮ್ಮ ಬದುವಿನ ಮೇಲೇ ನಿಂತಿತ್ತು, ನಾನು ಜಪಾನಿನವರೆಗೆ ಹೋಗಿ ಬಂದೆ.

ಮನೆಯಲ್ಲಿ ಕೈಯಾಡಿಸಿ ನೋಡುವ ಆಸೆಯಾದರೆ ಆಲ, ಅರಳಿ, ಗೋಣಿ ಜಾತಿಯಿಂದ ಶುರುಮಾಡಿ, ಪೈನ್‌ನಿಂದ ಬೇಡ. ಮಾಲೂರಿನ ಇಟ್ಟಿಗೆ ಗೂಡುಗಳ ಒಡಕು ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಧೂಳು ಚೆಲ್ಲಿ, ಜೋಳದ ಕಾಳಿನಷ್ಟು ಗಾತ್ರದ ಚೂರು ಉಳಿಸಿಕೊಳ್ಳಿ. ಜಪಾನಿನವರು ಅಕಾದಾಮಾ ಎಂಬ ಮಣ್ಣುಂಡೆ ಹಾಕುವ ಕಡೆ ನಮ್ಮವರು ಹಾಕುವುದು ಇದನ್ನೇ. ಗಿಡ ಗಟ್ಟಿಯಾಗುವ ತನಕ ಹಿಂಡಿ ಕೊಟ್ಟು ಸಾಕಿ. ಬಿಸಿಲಿನ ಕಾಲದಲ್ಲಿ ಒಂದು ದಿನ ಎಲೆಗಳನ್ನೆಲ್ಲ ಕತ್ತರಿಸಿ, ತೊಟ್ಟು ಮಾತ್ರ ಬಿಡಿ. ತೊಟ್ಟಿನ ಕಂಕುಳಲ್ಲಿ ಮುಂದಿನ ಮೊಗ್ಗು ಮಲಗಿರುತ್ತದೆ, ಅದಕ್ಕೆ ಗಾಯವಾಗಬಾರದು. ತೊಟ್ಟು ಹಣ್ಣಾಗಿ ತಾನೇ ಉದುರುತ್ತದೆ. ಮೂರು ನಾಲ್ಕು ವಾರದಲ್ಲಿ ಬರುವ ಹೊಸ ಎಲೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಸೊರಗಿದ ಗಿಡಕ್ಕೆ, ಹೋದ ತಿಂಗಳು ಕುಂಡ ಬದಲಿಸಿದ ಗಿಡಕ್ಕೆ ಇದನ್ನು ಮಾಡಲೇಬೇಡಿ. ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ತಾರಸಿಯಲ್ಲಿ ಖಾಲಿ ಕುಂಡವಿದೆ. ದೊಡ್ಡವರ ಕೈಚಳಕ ನೋಡಬೇಕೆಂದರೆ ಲಾಲ್‌ಬಾಗಿದೆ, ಮೈಸೂರಿನ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ.

ಟೇಕಲ್ಲಿಗೂ ಹೋಗಿ ಬನ್ನಿ, ಪ್ಯಾಸೆಂಜರ್ ಗಾಡಿ ನಿಲ್ಲುತ್ತದೆ. ಮಳೆ ನಿಂತ ತಿಂಗಳುಗಳಲ್ಲಿ ಹೋದರೆ ಬಂಡೆ ಜಾರುವುದಿಲ್ಲ. ಕೆಳಗಿನ ಕಟ್ಟೆಯಲ್ಲಿ ಉದುರಿದ ಎಲೆಯೊಂದನ್ನು ಪುಸ್ತಕದೊಳಗಿಟ್ಟುಕೊಂಡು ಹತ್ತಿ, ಮೇಲೆ ಪಕ್ಕದಲ್ಲಿಟ್ಟು ಅಳೆಯಿರಿ. ಬಿರುಕಿನ ಮರವನ್ನು ಕಿತ್ತು ಕುಂಡಕ್ಕೆ ಹಾಕುವ ಆಸೆ ಬಂದೇ ಬರುತ್ತದೆ, ನನಗೂ ಬಂದಿತ್ತು. ಅದರ ಬೇರು ಕಲ್ಲಿನೊಳಗೆ ಎಷ್ಟು ದೂರ ಹೋಗಿದೆಯೋ, ಕಿತ್ತರೆ ಉಳಿಯುವುದಿಲ್ಲ. ಆರಿಂಚಿನ ಸ್ಕೇಲು ತನ್ನಿ. ಗುದ್ದಲಿ ತರಬೇಡಿ.